ಅಪ್‌ಡೇಟ್ 5958: ಆಂಟಿವೈರಸ್ ವಿಂಡೋಸನ್ನೇ ಹಿಡಿದ ದಿನ

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಆ ಪುಟ್ಟ ಕಿಟಕಿ ನೆನಪಿರುತ್ತದೆ. ಪರದೆಯ ನಡುವೆ ಬೂದು ಬಣ್ಣದ ಒಂದು ಚೌಕ. ಸಿಸ್ಟಂ ಶಟ್‌ಡೌನ್ ಆಗುತ್ತಿದೆ, ಮಾಡುತ್ತಿರುವ ಕೆಲಸ ಸೇವ್ ಮಾಡಿಕೊಳ್ಳಿ ಎಂದು ಎರಡು ಸಾಲು. ಕೆಳಗೆ ಅರವತ್ತು ಸೆಕೆಂಡಿನಿಂದ ಒಂದೊಂದೇ ಇಳಿಯುವ ಗಡಿಯಾರ. ನಿಲ್ಲಿಸೋಣ ಎಂದರೆ ಅದರಲ್ಲಿ ಬಟನ್ ಇಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ (ನೆಟ್‌ವರ್ಕ್‌ನಲ್ಲಿ ತಾನಾಗಿ ಹರಡುವ ವೈರಸ್) ಹರಡಿದಾಗ ಜಗತ್ತಿನ ಎಷ್ಟೋ ಕಚೇರಿಗಳಲ್ಲಿ ಜನ ಇದನ್ನು ಕಂಡಿದ್ದರು. ಅಲ್ಲಿಂದಾಚೆಗೆ ಈ ಗಡಿಯಾರ ಕಾಣಿಸಿದರೆ ವೈರಸ್ ಬಂತು ಎಂದೇ ಲೆಕ್ಕ.

2010ರ ಏಪ್ರಿಲ್ 21, ಬುಧವಾರ ಅದು ಮತ್ತೆ ಕಾಣಿಸಿಕೊಂಡಿತು. ಆಸ್ಪತ್ರೆಗಳಲ್ಲಿ, ಯೂನಿವರ್ಸಿಟಿಗಳಲ್ಲಿ, ಅಂಗಡಿಗಳ ಬಿಲ್ಲಿಂಗ್ ಕೌಂಟರುಗಳಲ್ಲಿ. ಗಡಿಯಾರ ಸೊನ್ನೆಗೆ ಬರುತ್ತಿತ್ತು, ಸಿಸ್ಟಂ ರೀಸ್ಟಾರ್ಟ್ ಆಗುತ್ತಿತ್ತು, ಡೆಸ್ಕ್‌ಟಾಪ್ ಬರುತ್ತಿತ್ತು, ಗಡಿಯಾರ ಮತ್ತೆ ಶುರು. ಸಿಸ್ಟಂ ಆಫ್ ಆಗದೆ ಉಳಿದ ಕಡೆ ನೆಟ್‌ವರ್ಕ್ ಇಲ್ಲ. ಎಲ್ಲರೂ ವೈರಸ್ ಎಂದೇ ಅಂದುಕೊಂಡರು. ವೈರಸ್ ಇರಲಿಲ್ಲ. ಆವತ್ತು ಮ್ಯಾಕಫಿ ಕಂಪನಿಯ ಆಂಟಿವೈರಸ್ ತಂದುಕೊಂಡ ದಿನದ ಅಪ್‌ಡೇಟ್, ವಿಂಡೋಸಿನ ಸ್ವಂತ ಫೈಲೊಂದನ್ನು ವೈರಸ್ ಎಂದು ಹಿಡಿದು ಹಾಕಿತ್ತು.

ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಆಂಟಿವೈರಸ್‌ನಿಂದ ಸಿಸ್ಟಂ ನಿಧಾನ ಆಯಿತು, ಫೈಲ್ ಕಾಣೆ ಆಯಿತು, ಪ್ರಿಂಟ್ ಬರ್ತಿಲ್ಲ ಎನ್ನುವ ದೂರು ನನಗೆ ವಾರಕ್ಕೊಂದಾದರೂ ಬರುತ್ತದೆ. ಆ ದೂರುಗಳ ಹಿಂದೆ ಏನಿರುತ್ತದೆ ಎಂದು ತಿಳಿಯಲು ಈ ಒಂದು ಪ್ರಕರಣವನ್ನು ಪೂರ್ತಿ ನೋಡಿದರೆ ಸಾಕು ಎಂದು ನನಗೆ ಅನಿಸುತ್ತದೆ. ಹಳೆಯದೇ. ಆದರೆ ಹದಿನಾಲ್ಕು ವರ್ಷದ ನಂತರ ಹೆಚ್ಚುಕಡಿಮೆ ಇದೇ ಕಥೆ ಬೆಂಗಳೂರಿನ ಏರ್‌ಪೋರ್ಟಿನ ತನಕ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಫೈಲ್ ಯಾವುದು ಎಂದು ನೋಡೋಣ. ಅದರ ಹೆಸರು ಎಸ್‌ವಿಸಿಹೋಸ್ಟ್. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಇದೇ ಹೆಸರು ಐದಾರು ಸಲ, ಈಗಿನ ವಿಂಡೋಸಿನಲ್ಲಾದರೆ ಹತ್ತಾರು ಸಲ ಕಾಣುತ್ತದೆ. ಇದು ತಾನಾಗಿ ಏನೂ ಮಾಡುವುದಿಲ್ಲ. ನೆಟ್‌ವರ್ಕ್, ಸೌಂಡು, ಅಪ್‌ಡೇಟ್, ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ವ್ಯವಸ್ಥೆ ಹೀಗೆ ಹಿಂದೆ ನಿಂತು ದುಡಿಯುವ ಸರ್ವಿಸ್‌ಗಳನ್ನೆಲ್ಲ ಹೊತ್ತುಕೊಂಡು ಓಡಿಸುವುದು ಇದರ ಕೆಲಸ. ಇದರ ಒಂದು ಪ್ರತಿ ಬಿದ್ದರೆ ಅದು ಹೊತ್ತಿದ್ದ ಸರ್ವಿಸ್‌ಗಳೆಲ್ಲ ಒಟ್ಟಿಗೆ ಬೀಳುತ್ತವೆ. ಮಾತಾಡಿಸುವ ಆ ಸರ್ವಿಸ್ ಬಿತ್ತು ಅಂದರೆ ವಿಂಡೋಸ್ ತಾನು ಇನ್ನು ನಡೆಯಲಾರೆ ಎಂದು ಅರವತ್ತು ಸೆಕೆಂಡಿನ ಗಡಿಯಾರ ಹಾಕುತ್ತದೆ. ಬ್ಲಾಸ್ಟರ್ ಬೀಳಿಸಿದ್ದೂ ಇದೇ ಸರ್ವಿಸನ್ನು. ಅದಕ್ಕೇ ಎರಡೂ ಸಲ ಒಂದೇ ಕಿಟಕಿ.

ಈ ಹೆಸರಿನ ಮೇಲೆ ಆಂಟಿವೈರಸ್‌ಗೆ ಅನುಮಾನ ಇರುವುದು ತಪ್ಪೇನಲ್ಲ. ವೈರಸ್ ಬರೆಯುವವರಿಗೆ ಎಸ್‌ವಿಸಿಹೋಸ್ಟ್ ಅಂದರೆ ಅಚ್ಚುಮೆಚ್ಚು. ಎಲ್ಲ ಸಿಸ್ಟಂನಲ್ಲೂ ಇರುತ್ತದೆ, ಹಲವು ಪ್ರತಿ ಓಡುತ್ತಿರುತ್ತವೆ, ಯಾರೂ ಎಣಿಸುವುದಿಲ್ಲ. ಅಕ್ಷರ ಹಿಂದೆಮುಂದೆ ಮಾಡಿ ಎಸ್‌ಸಿವಿಹೋಸ್ಟ್ ಎಂಬ ಹೆಸರಿನಲ್ಲಿ ಕೂತ ಎಷ್ಟೋ ವೈರಸ್‌ಗಳನ್ನು ನಾನೇ ತೆಗೆದಿದ್ದೇನೆ. ಅಸಲಿ ಎಸ್‌ವಿಸಿಹೋಸ್ಟ್ ಮೆಮೊರಿಯ ಒಳಗೇ ಸೇರಿಕೊಳ್ಳುವ ವೈರಸ್‌ಗಳೂ ಇದ್ದವು. ಆ ದಿನದ ಅಪ್‌ಡೇಟ್ ಹುಡುಕುತ್ತಿದ್ದದ್ದು ವೆಕಾರ್ಲ್ ಎಂಬ ಹೆಸರಿನ ಅಂಥದ್ದೇ ಒಂದು ವೈರಸ್‌ನ ಹೊಸ ರೂಪವನ್ನು. ಅಂದರೆ ಉದ್ದೇಶ ಸರಿಯಾಗಿಯೇ ಇತ್ತು. ಆ ವೈರಸನ್ನು ಪತ್ತೆಹಚ್ಚಲು ಬರೆದ ಗುರುತು ತಪ್ಪಾಗಿತ್ತು. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರಲ್ಲಿ (ಎಕ್ಸ್‌ಪಿಗೆ ಬಂದ ಮೂರನೇ ದೊಡ್ಡ ಅಪ್‌ಡೇಟ್) ಇರುವ ಅಪ್ಪಟ ಎಸ್‌ವಿಸಿಹೋಸ್ಟ್‌ಗೂ ಆ ಗುರುತು ಹೊಂದುತ್ತಿತ್ತು.

ಮ್ಯಾಕಫಿ ಪ್ರತಿದಿನ ಕಳಿಸುವ ಗುರುತುಗಳ ಕಟ್ಟಿಗೆ ಡ್ಯಾಟ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ನಂಬರ್. ಆವತ್ತಿನದು 5958. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಅದು ಹೊರಗೆ ಬಂತು. ನಮ್ಮಲ್ಲಿ ಆಗ ಸಂಜೆ ಆರೂವರೆ. ಕಾಲೇಜುಗಳು ಮುಚ್ಚಿದ್ದವು, ಸರ್ಕಾರಿ ಕಚೇರಿಗಳಲ್ಲಿ ಸಿಸ್ಟಂ ಆಫ್ ಮಾಡಿ ಮನೆಗೆ ಹೋಗಿದ್ದರು. ಅಮೆರಿಕದ ಪೂರ್ವದಲ್ಲಿ ಬೆಳಿಗ್ಗೆ ಒಂಬತ್ತು, ಕೆಲಸ ಶುರುವಾಗುವ ಹೊತ್ತು. ಹೊಡೆತ ಬಿದ್ದದ್ದು ಅಲ್ಲಿ.

ಮಿಷಿಗನ್ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆಗಳಲ್ಲಿ ಇದ್ದ ಸುಮಾರು 25,000 ಕಂಪ್ಯೂಟರುಗಳಲ್ಲಿ 8,000ದಷ್ಟು ಕೆಟ್ಟು ಕೂತವು. ರೋಡ್ ಐಲೆಂಡ್ ರಾಜ್ಯದಲ್ಲಿ ಮೂರನೇ ಒಂದು ಭಾಗದಷ್ಟು ಆಸ್ಪತ್ರೆಗಳು ತುರ್ತಲ್ಲದ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿದವು. ದೊಡ್ಡ ಪೆಟ್ಟು ಬಿದ್ದು ಬಂದವರನ್ನು ಬಿಟ್ಟರೆ ಎಮರ್ಜೆನ್ಸಿಗೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಕೆಂಟಕಿಯ ಲೆಕ್ಸಿಂಗ್ಟನ್ ಊರಿನಲ್ಲಿ ಪೊಲೀಸರು ಗಾಡಿಯೊಳಗಿನ ಕಂಪ್ಯೂಟರುಗಳನ್ನು ಮುಂಜಾಗ್ರತೆಗೆ ಆಫ್ ಮಾಡಿ ವರದಿಗಳನ್ನು ಕೈಯಲ್ಲೇ ಬರೆದರು. ಚಿಪ್ ಮಾಡುವ ಇಂಟೆಲ್ ಕಂಪನಿಯಲ್ಲೂ ಸಿಸ್ಟಂಗಳು ಬಿದ್ದವು. ಆಸ್ಟ್ರೇಲಿಯಾದಲ್ಲಿ ಆಗ ರಾತ್ರಿ. ಅಲ್ಲಿನ ಕೋಲ್ಸ್ ಸೂಪರ್‌ಮಾರ್ಕೆಟ್‌ಗಳಲ್ಲಿ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 1,100 ಬಿಲ್ಲಿಂಗ್ ಕೌಂಟರುಗಳು ಕೈಕೊಟ್ಟವು. ದೇಶದ ಪಶ್ಚಿಮ ಮತ್ತು ದಕ್ಷಿಣ ಭಾಗದಲ್ಲಿ ಕೆಲವು ಅಂಗಡಿಗಳ ಬಾಗಿಲನ್ನೇ ಎಳೆಯಬೇಕಾಯಿತು.

ಇಷ್ಟು ಓದಿ ನೀವು ಮುಂದೆ ಹೋಗಬಹುದು. ನಾನು ಮಾತ್ರ ಪ್ರತಿ ಸಲ ಆ 8,000ದ ಹತ್ತಿರ ನಿಲ್ಲುತ್ತೇನೆ. ಯಾಕೆಂದರೆ ಆ 8,000 ಸಿಸ್ಟಂಗಳನ್ನು ಯಾರೋ ಒಬ್ಬರು ಒಂದೊಂದಾಗಿ ಸರಿ ಮಾಡಬೇಕಿತ್ತು. ಹೇಗೆ ಮಾಡಿರಬಹುದು ಎಂದು ನನಗೆ ಚೆನ್ನಾಗಿ ಗೊತ್ತು.

ಮ್ಯಾಕಫಿ ಕೆಲವೇ ಗಂಟೆಗಳಲ್ಲಿ 5958ನ್ನು ವಾಪಸ್ ತೆಗೆದುಕೊಂಡಿತು. ತಪ್ಪು ಗುರುತನ್ನು ತಡೆಯುವ ಒಂದು ಪುಟ್ಟ ಫೈಲ್ ಕೊಟ್ಟಿತು, 5959 ಎಂಬ ಸರಿಯಾದ ಅಪ್‌ಡೇಟ್ ಕೊಟ್ಟಿತು. ಆದರೆ ಬಿದ್ದ ಸಿಸ್ಟಂಗೆ ನೆಟ್‌ವರ್ಕ್ ಇಲ್ಲ. ಔಷಧ ಇಂಟರ್ನೆಟ್‌ನಲ್ಲಿದೆ, ರೋಗಿಗೆ ಇಂಟರ್ನೆಟ್ ಇಲ್ಲ. ಕೂತಲ್ಲಿಂದಲೇ ಸಾವಿರ ಸಿಸ್ಟಂಗೆ ಒಂದೇ ಸಲ ಆಜ್ಞೆ ಕಳಿಸುವ ಸೌಕರ್ಯ ಎಲ್ಲ ದೊಡ್ಡ ಕಚೇರಿಗಳಲ್ಲೂ ಇರುತ್ತದೆ. ಆವತ್ತು ಅದು ಕೆಲಸಕ್ಕೆ ಬರಲಿಲ್ಲ. ವಿಷ ಹೋಗಿದ್ದು ತಂತಿಯಲ್ಲಿ, ಮದ್ದು ಹೋಗಬೇಕಾದದ್ದು ಕಾಲ್ನಡಿಗೆಯಲ್ಲಿ.

ಒಂದು ಸಿಸ್ಟಂನ ಮುಂದೆ ಕೂತರೆ ಕೆಲಸ ಹೀಗಿರುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಆನ್ ಮಾಡಿ ವಿಂಡೋಸ್ ಲೋಗೋ ಬರುವ ಮೊದಲೇ ಎಫ್8 ಕೀಲಿ ಬಡಿಯುತ್ತಾ ಇರಬೇಕು. ಒಂದು ಕ್ಷಣ ತಪ್ಪಿದರೆ ಮತ್ತೆ ಮೊದಲಿನಿಂದ. ಕಪ್ಪು ಪರದೆಯಲ್ಲಿ ಸೇಫ್ ಮೋಡ್ (ತೀರಾ ಅಗತ್ಯವಾದದ್ದನ್ನಷ್ಟೇ ಓಡಿಸಿ ವಿಂಡೋಸ್ ತೆರೆಯುವ ದಾರಿ) ಆರಿಸಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಬೇಕು. ಆ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಹುಡುಕುವುದೇ ಕೆಲವು ಕಚೇರಿಗಳಲ್ಲಿ ಅರ್ಧ ಗಂಟೆಯ ಕೆಲಸ. ಆಮೇಲೆ ಸಿಡಿ ಅಥವಾ ಪೆನ್‌ಡ್ರೈವ್‌ನಿಂದ ಆ ಪುಟ್ಟ ಫೈಲನ್ನು ಆಂಟಿವೈರಸ್‌ನ ಫೋಲ್ಡರಿಗೆ ಹಾಕಬೇಕು. ಎಸ್‌ವಿಸಿಹೋಸ್ಟ್ ಇನ್ನೂ ಕ್ವಾರಂಟೈನ್‌ನಲ್ಲಿದ್ದರೆ ಬಿಡಿಸಬೇಕು. ಅಳಿಸಿಯೇ ಹೋಗಿದ್ದರೆ ವಿಂಡೋಸ್ ತನ್ನೊಳಗೆ ಇಟ್ಟುಕೊಂಡಿರುವ ಬದಲಿ ಪ್ರತಿಯನ್ನೋ, ಚೆನ್ನಾಗಿರುವ ಇನ್ನೊಂದು ಎಕ್ಸ್‌ಪಿಯಿಂದ ತಂದದ್ದನ್ನೋ ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿ ಅದರ ಜಾಗಕ್ಕೆ ಕೂರಿಸಬೇಕು. ರೀಸ್ಟಾರ್ಟ್. ಗಡಿಯಾರ ಬರಲಿಲ್ಲ ಅಂದರೆ ಒಂದು ಉಸಿರು ಬಿಟ್ಟು ಪಕ್ಕದ ಕುರ್ಚಿಗೆ.

ಕೈ ಪಳಗಿದವರಿಗೆ ಒಂದಕ್ಕೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. 8,000 ಸಿಸ್ಟಂಗೆ 80,000 ನಿಮಿಷ. ಒಬ್ಬರು ದಿನಕ್ಕೆ ಎಂಟು ಗಂಟೆ ಮಾಡಿದರೆ ನೂರ ಅರವತ್ತು ದಿನಗಳಿಗೂ ಜಾಸ್ತಿ. ಅಷ್ಟು ಕೆಲಸವನ್ನು ಕೆಲವು ಜನ ಹಂಚಿಕೊಂಡು, ನಿದ್ದೆಗೆಟ್ಟು, ವಾರ್ಡಿನಿಂದ ವಾರ್ಡಿಗೆ ಪೆನ್‌ಡ್ರೈವ್ ಹಿಡಿದು ಓಡಾಡಿ ಮುಗಿಸಿರಬೇಕು. ಅವರ ಹೆಸರು ಯಾವ ಸುದ್ದಿಯಲ್ಲೂ ಬಂದಿಲ್ಲ.

ಮನೆಯಲ್ಲಿ ಒಬ್ಬರೇ ಕೂತವರಿಗೆ ಇನ್ನೊಂದು ಕಷ್ಟ ಇತ್ತು. ಬೇರೆ ಸಿಸ್ಟಂನಲ್ಲಿ ಕೂತು ಪರಿಹಾರ ಹುಡುಕಿದರೆ, ಸರ್ಚ್‌ನಲ್ಲಿ ಮೇಲೆ ಬರುತ್ತಿದ್ದ ಕೆಲವು ಲಿಂಕ್‌ಗಳು ಮೋಸದವು. ನಿಮ್ಮ ಸಿಸ್ಟಂನಲ್ಲಿ ವೈರಸ್ ಇದೆ ಎಂದು ಹೆದರಿಸಿ ನಕಲಿ ಆಂಟಿವೈರಸ್ ಹಾಕಿಸುವವರು ಅದೇ ದಿನ ಈ ಗಲಾಟೆಯ ಮೇಲೆ ಬಲೆ ಹಾಸಿದ್ದರು. ಅಸಲಿ ಆಂಟಿವೈರಸ್ ಮಾಡಿದ ಪೆಟ್ಟಿಗೆ ಮುಲಾಮು ಹುಡುಕಿ ಹೋದವರ ಕೈಗೆ ನಕಲಿ ಆಂಟಿವೈರಸ್ ಸಿಕ್ಕಿತು. ಓದಿದಾಗ ನನಗೆ ಹೊಟ್ಟೆ ಉರಿದದ್ದು ಇಲ್ಲಿ.

ಇಷ್ಟೆಲ್ಲ ಆದದ್ದು ಹೇಗೆ? ವಿಂಡೋಸ್ ಎಕ್ಸ್‌ಪಿ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿದ್ದ ಆಪರೇಟಿಂಗ್ ಸಿಸ್ಟಂ. ಅದರ ಸರ್ವಿಸ್ ಪ್ಯಾಕ್ 3 ಬಂದು ಎರಡು ವರ್ಷ ಆಗಿತ್ತು. ಮೂಲೆಯಲ್ಲಿ ಯಾರೋ ಬಳಸುವ ಅಪರೂಪದ ಸಾಫ್ಟ್‌ವೇರ್ ಅಲ್ಲ. ಒಂದು ಎಕ್ಸ್‌ಪಿ ಸಿಸ್ಟಂನಲ್ಲಿ ಹಾಕಿ ನೋಡಿದ್ದರೆ ಅರವತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು, ಅಲ್ವಾ? ಎಲ್ಲರೂ ಇದನ್ನೇ ಕೇಳಿದರು. ಉತ್ತರ ಮ್ಯಾಕಫಿಯದೇ ಒಂದು ದಾಖಲೆಯಲ್ಲಿ ಇತ್ತು, ಅದು ಪತ್ರಕರ್ತರ ಕೈಗೆ ಸಿಕ್ಕಿತು. ಗುರುತು ಬರೆದ ಮೇಲೆ ಇನ್ನೊಬ್ಬರು ಅದನ್ನು ಓದಿ ನೋಡಬೇಕು ಎಂಬ ನಿಯಮ ಇತ್ತು. ಆ ಸಲ ಓದಿರಲಿಲ್ಲ. ಇದರಿಂದ ಏನು ಅಪಾಯ ಆಗಬಹುದು ಎಂದು ಅಂದಾಜು ಮಾಡಬೇಕಿತ್ತು, ಸರಿಯಾಗಿ ಮಾಡಿರಲಿಲ್ಲ. ಪರೀಕ್ಷೆಗೆ ಇಟ್ಟಿದ್ದ ಸಿಸ್ಟಂಗಳ ಸಾಲಿನಲ್ಲಿ, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಮೇಲೆ ತಮ್ಮದೇ ವೈರಸ್‌ಸ್ಕ್ಯಾನ್ 8.7 ಹಾಕಿದ ಜೋಡಿ ಇರಲೇ ಇಲ್ಲ.

ಈ ಜೋಡಿ ಎನ್ನುವ ಮಾತು ಮುಖ್ಯ. ಬರೀ ಎಕ್ಸ್‌ಪಿ ಇದ್ದವರಿಗೆಲ್ಲ ಇದು ಆಗಲಿಲ್ಲ. ಸರ್ವಿಸ್ ಪ್ಯಾಕ್ 2ರಲ್ಲೇ ಉಳಿದವರ ಫೈಲ್ ಬೇರೆ ಇತ್ತು, ಅದಕ್ಕೆ ಗುರುತು ಹೊಂದಲಿಲ್ಲ. ವೈರಸ್‌ಸ್ಕ್ಯಾನ್ 8.7ರಲ್ಲಿ ಇನ್ನೊಂದು ಸೌಲಭ್ಯ ಇತ್ತು. ಅದನ್ನು ಆನ್ ಮಾಡಿದ್ದರೆ ಅಪ್‌ಡೇಟ್ ಬಂದ ಕೂಡಲೇ, ಆಗಲೇ ಓಡುತ್ತಿರುವ ಪ್ರೋಗ್ರಾಂಗಳ ಮೆಮೊರಿಯನ್ನೂ ತಡಕುತ್ತಿತ್ತು. ಅದನ್ನು ಆನ್ ಮಾಡಿಟ್ಟವರಿಗೆ ಏಟು ಜಾಸ್ತಿ.

ಈಗ ಇದನ್ನೆಲ್ಲ ಜೋಡಿಸಿ ನೋಡಿ. ಪೆಟ್ಟು ತಿಂದವರು ಯಾರು? ಮೈಕ್ರೋಸಾಫ್ಟ್ ಹೇಳಿದಂತೆ ಸರ್ವಿಸ್ ಪ್ಯಾಕ್ 3 ಹಾಕಿಕೊಂಡವರು. ದುಡ್ಡು ಕೊಟ್ಟು ಆಂಟಿವೈರಸ್ ಕೊಂಡವರು. ಹಳೆಯದನ್ನು ಬಿಟ್ಟು 8.7ಕ್ಕೆ ಬಂದವರು. ಮೆಮೊರಿಯನ್ನೂ ನೋಡಲಿ ಎಂದು ಬಿಗಿ ಮಾಡಿಟ್ಟವರು. ದಿನದ ಅಪ್‌ಡೇಟನ್ನು ಬಂದ ಗಂಟೆಯಲ್ಲೇ ತೆಗೆದುಕೊಂಡವರು. ಅಪ್‌ಡೇಟ್ ಮಾಡದೆ ಸೋಮಾರಿತನ ಮಾಡಿದವರ ಸಿಸ್ಟಂ ಆವತ್ತು ತಣ್ಣಗೆ ಓಡುತ್ತಿತ್ತು. ಹೇಳಿದ ಮಾತು ಕೇಳಿದವರೇ ಸಿಕ್ಕಿಬಿದ್ದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಹಣ ಮತ್ತು ಸಮಯದ ನಷ್ಟವನ್ನು ಹೇಗೋ ತುಂಬಬಹುದು. ಅಪ್‌ಡೇಟ್ ಮಾಡಿ, ಮಾಡಿ ಎಂದು ವರ್ಷಗಟ್ಟಲೆ ಜನರ ಹಿಂದೆ ಬಿದ್ದು ಹೇಳಿದ ನಮ್ಮಂಥವರ ಮಾತಿನ ಬೆಲೆ ಒಂದೇ ಬೆಳಿಗ್ಗೆಯಲ್ಲಿ ಹೋಯಿತು.

ಕಂಪನಿ ಏನು ಮಾಡಿತು? ಕ್ಷಮೆ ಕೇಳಿತು. ಪರೀಕ್ಷೆಯ ಪದ್ಧತಿ ಸರಿಪಡಿಸುತ್ತೇವೆ ಎಂದಿತು. ತೊಂದರೆಯಾದ ಮನೆ ಬಳಕೆದಾರರಿಗೆ ರಿಪೇರಿಯ ಖರ್ಚು ಕೊಡುತ್ತೇವೆ, ಎರಡು ವರ್ಷ ಉಚಿತವಾಗಿ ಮುಂದುವರಿಸುತ್ತೇವೆ ಎಂದಿತು. ಇದು ಒಳ್ಳೆಯದೇ. ಆದರೆ ಇನ್ನೊಂದು ಮಾತನ್ನೂ ಹೇಳಿತು: ತಮ್ಮ ಕಂಪನಿ ಗ್ರಾಹಕರಲ್ಲಿ ತೊಂದರೆ ಆದದ್ದು ನೂರಕ್ಕೆ ಅರ್ಧ, ಅಂದರೆ ಶೇಕಡಾ 0.5ಕ್ಕಿಂತ ಕಡಿಮೆ. ಆ ಲೆಕ್ಕ ಗ್ರಾಹಕರದ್ದು, ಸಿಸ್ಟಂಗಳದ್ದಲ್ಲ. ಮಿಷಿಗನ್ ಯೂನಿವರ್ಸಿಟಿಯಂಥದ್ದು ಒಂದು ಗ್ರಾಹಕ. ಆ ಒಂದರ ಒಳಗೆ 8,000 ಸಿಸ್ಟಂ. ಎಮರ್ಜೆನ್ಸಿ ಬಾಗಿಲಲ್ಲಿ ನಿಂತವರಿಗೆ ನೂರಕ್ಕೆ ಅರ್ಧ ಎಂಬ ಲೆಕ್ಕ ಹೇಳಲು ಆಗುತ್ತದೆಯೇ? ಇಂಥ ಹೊತ್ತಿನಲ್ಲಿ ಶೇಕಡಾವಾರು ಹೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ವರ್ಷ ಆಗಸ್ಟಿನಲ್ಲಿ ಇಂಟೆಲ್ 768 ಕೋಟಿ ಡಾಲರ್‌ಗೆ ಮ್ಯಾಕಫಿಯನ್ನು ಕೊಳ್ಳುವುದಾಗಿ ಹೇಳಿತು.

ಆ ದಿನ ನಾನಿದ್ದ ಕಾಲೇಜಿನ ಲ್ಯಾಬಿನಲ್ಲಿ ಬೇರೆ ಕಂಪನಿಯ ಆಂಟಿವೈರಸ್ ಇತ್ತು. ನಲವತ್ತೂ ಸಿಸ್ಟಂ ಎಕ್ಸ್‌ಪಿಯೇ. ನಮಗೇನೂ ಆಗಲಿಲ್ಲ. ಆದರೆ ಇದರ ಚಿಕ್ಕ ತುಂಡೊಂದನ್ನು ಮುಂದಿನ ವರ್ಷ ನಾನೇ ಕಂಡೆ. ಬಿಸಿಎ ಮಕ್ಕಳ ಸಿ ಪ್ರೋಗ್ರಾಮಿಂಗ್ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ಸಂಜೆ ಎಲ್ಲ ಸಿಸ್ಟಂಗೂ ಆಂಟಿವೈರಸ್ ಅಪ್‌ಡೇಟ್ ಹಾಕಿದ್ದೆ, ಪರೀಕ್ಷೆ ದಿನ ತೊಂದರೆ ಬೇಡ ಎಂದು. ಬೆಳಿಗ್ಗೆ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಪ್ರೋಗ್ರಾಂ ಕಂಪೈಲ್ ಆಯ್ತು, ಎರರ್ ಇಲ್ಲ. ರನ್ ಕೊಟ್ರೆ ಫೈಲೇ ಇಲ್ಲ ಅಂತಿದೆ." ನೋಡಿದೆ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಇಪ್ಪತ್ತು ಸಾಲಿನ ಪ್ರೋಗ್ರಾಂ. ಸರಿಯಾಗಿಯೇ ಬರೆದಿದ್ದಳು. ಮತ್ತೆ ಕಂಪೈಲ್ ಮಾಡಿಸಿದೆ. ಫೋಲ್ಡರಿನಲ್ಲಿ ಅವಳ ಪ್ರೋಗ್ರಾಂ ಓಡಿಸುವ ಇಎಕ್ಸ್‌ಇ ಫೈಲ್ ಹುಟ್ಟಿತು, ನೋಡುನೋಡುತ್ತಲೇ ಮಾಯವಾಯಿತು. ಪರದೆಯ ಬಲಮೂಲೆಯಲ್ಲಿ ಒಂದು ಚೌಕ ಬಂದು ಹೋಯಿತು: ಅಪಾಯ ತಡೆಯಲಾಗಿದೆ.

ಕಾರಣ ಇಷ್ಟೇ. ಆಗಷ್ಟೇ ಹುಟ್ಟಿದ ಪ್ರೋಗ್ರಾಂ ಅದು. ಜಗತ್ತಿನಲ್ಲಿ ಯಾರೂ ಅದನ್ನು ಮೊದಲು ನೋಡಿಲ್ಲ. ಯಾವ ಕಂಪನಿಯ ಸಹಿಯೂ ಇಲ್ಲ. ಗುರುತಿಲ್ಲದವರನ್ನೆಲ್ಲ ಅನುಮಾನದಿಂದ ನೋಡು ಎಂದು ಹೇಳಿಕೊಟ್ಟ ಆಂಟಿವೈರಸ್‌ಗೆ ಅವಳ ಪ್ರೋಗ್ರಾಂ ಕಳ್ಳನ ಹಾಗೆ ಕಂಡಿತು. ಆ ಹೊತ್ತಿಗೆ ಇನ್ನೂ ಆರು ಕೈ ಮೇಲೆದ್ದಿದ್ದವು. ಮಕ್ಕಳ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡುವ ಸೆಟ್ಟಿಂಗ್ ಹುಡುಕಿ ನಲವತ್ತು ಸಿಸ್ಟಂಗೂ ಹಾಕುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅರ್ಧ ಗಂಟೆ ಜಾಸ್ತಿ ಕೊಟ್ಟರು, ಪುಣ್ಯಕ್ಕೆ. ಆದರೂ ಆ ಹುಡುಗಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ತನ್ನದೇ ಎಂದುಕೊಂಡು ಸರಿಯಾಗಿದ್ದ ಪ್ರೋಗ್ರಾಂ ಅನ್ನು ಮೂರು ಸಲ ಅಳಿಸಿ ಬರೆದಿದ್ದಳು. ಆಂಟಿವೈರಸ್ ತಪ್ಪು ಮಾಡಿದಾಗ ಜನ ಮೊದಲು ಬೈದುಕೊಳ್ಳುವುದು ತಮ್ಮನ್ನೇ. ನಾನೇ ಏನೋ ಒತ್ತಿಬಿಟ್ಟೆ ಸಾರ್ ಅನ್ನುತ್ತಾರೆ.

ಮ್ಯಾಕಫಿ ಒಬ್ಬರದೇ ಕಥೆ ಇದು ಎಂದುಕೊಂಡರೆ ಅನ್ಯಾಯ ಆಗುತ್ತದೆ. 2005ರ ಏಪ್ರಿಲ್‌ನಲ್ಲಿ ಟ್ರೆಂಡ್ ಮೈಕ್ರೋದ ಒಂದು ಅಪ್‌ಡೇಟ್ ಸಿಸ್ಟಂನ ಪೂರ್ತಿ ಶಕ್ತಿಯನ್ನು ತಾನೇ ನುಂಗಿ ಜಪಾನಿನಲ್ಲಿ ರೈಲ್ವೆ ಕಂಪನಿಯ, ಪತ್ರಿಕೆಗಳ ಕಂಪ್ಯೂಟರುಗಳನ್ನು ನಿಲ್ಲಿಸಿತ್ತು. 2007ರ ಮೇಯಲ್ಲಿ ಸಿಮ್ಯಾಂಟೆಕ್, ಚೀನಿ ಭಾಷೆಯ ಎಕ್ಸ್‌ಪಿಯ ಎರಡು ಫೈಲ್‌ಗಳನ್ನು ವೈರಸ್ ಎಂದು ಎತ್ತಿ ಹಾಕಿತ್ತು. 2008ರಲ್ಲಿ ಎವಿಜಿ ವಿಂಡೋಸಿನ ಇನ್ನೊಂದು ಮೂಲ ಫೈಲನ್ನು ಹಿಡಿಯಿತು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಮಾಡುವ ಪ್ರೋಗ್ರಾಂ ಅನ್ನು ವೈರಸ್ ಎಂದಿತು. ಅಪ್‌ಡೇಟ್ ಮಾಡುವ ಕೈಯೇ ಕಟ್ಟಿಬಿದ್ದರೆ ತಪ್ಪನ್ನು ಸರಿಮಾಡುವ ಅಪ್‌ಡೇಟ್ ಹೇಗೆ ಒಳಗೆ ಬರಬೇಕು?

ಇಲ್ಲೊಂದು ಮಾತು ಹೇಳಬೇಕು. ಬೇರೆ ಯಾವ ಸಾಫ್ಟ್‌ವೇರ್ ಕೆಟ್ಟರೂ ಆ ಒಂದು ಸಾಫ್ಟ್‌ವೇರ್ ಕೆಡುತ್ತದೆ. ಆಂಟಿವೈರಸ್ ಕೆಟ್ಟರೆ ಸಿಸ್ಟಂ ಹೋಗುತ್ತದೆ. ಯಾಕೆಂದರೆ ಅದಕ್ಕೆ ನಾವು ಮನೆಯ ಎಲ್ಲ ಕೋಣೆಯ ಬೀಗದ ಕೈ ಕೊಟ್ಟಿರುತ್ತೇವೆ. ಯಾವ ಫೈಲ್ ತೆರೆದರೂ ಮೊದಲು ಅದು ನೋಡಬೇಕು, ಬೇಡ ಎಂದರೆ ತೆರೆಯಬಾರದು, ಬೇಕೆಂದರೆ ಅಳಿಸಬಹುದು. ವಿಂಡೋಸ್ ಏಳುವಾಗಲೇ ತಾನೂ ಏಳಬೇಕು. ಇಷ್ಟು ಅಧಿಕಾರ ಕೊಡದಿದ್ದರೆ ವೈರಸ್ ಹಿಡಿಯಲು ಆಗುವುದಿಲ್ಲ. ಕೊಟ್ಟರೆ, ತಪ್ಪಿದ ದಿನ ತಡೆಯುವವರು ಯಾರೂ ಇಲ್ಲ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿ ಸಿಸ್ಟಂ ಹ್ಯಾಂಗ್ ಆಗುತ್ತೆ ಎಂದು ತರುವವರ ಕಥೆಯೂ ಇದೇ. ಒಂದೇ ಬಾಗಿಲಲ್ಲಿ ಇಬ್ಬರು ನಿಂತು ಒಂದೇ ಫೈಲನ್ನು ಇಬ್ಬರೂ ಎಳೆದಾಡುತ್ತಿರುತ್ತಾರೆ.

ಈಗ 2024ಕ್ಕೆ ಬರುತ್ತೇನೆ. ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಫಾಲ್ಕನ್ ಸಾಫ್ಟ್‌ವೇರ್‌ಗೆ ಒಂದು ಪುಟ್ಟ ಅಪ್‌ಡೇಟ್ ಬಂತು. ದೊಡ್ಡ ಕಂಪನಿಗಳು ಆಂಟಿವೈರಸ್ ಜಾಗದಲ್ಲಿ ಈಗ ಬಳಸುವುದು ಇಂಥ ಸಾಫ್ಟ್‌ವೇರ್‌ಗಳನ್ನು. ವಿಂಡೋಸಿನ ತೀರಾ ಒಳಗಿನ ಪದರದಲ್ಲಿ, ಕರ್ನಲ್‌ನಲ್ಲಿ, ಅದು ಕೂತಿರುತ್ತದೆ. ಅಪ್‌ಡೇಟ್‌ನ ವಿವರ ಪಟ್ಟಿಯಲ್ಲಿ 21 ಖಾನೆಗಳಿದ್ದವು, ಓದುವ ಪ್ರೋಗ್ರಾಂಗೆ ಸಿಗುತ್ತಿದ್ದದ್ದು 20. ಇಪ್ಪತ್ತೊಂದನೆಯದನ್ನು ಓದಲು ಹೋಗಿ ಮೆಮೊರಿಯಲ್ಲಿ ಇಲ್ಲದ ಜಾಗಕ್ಕೆ ಕೈ ಹಾಕಿತು. ಕರ್ನಲ್‌ನಲ್ಲಿ ಹಾಗೆ ಮಾಡಿದರೆ ವಿಂಡೋಸ್ ಅಲ್ಲೇ ನಿಲ್ಲುತ್ತದೆ. ನೀಲಿ ಪರದೆ. ರೀಸ್ಟಾರ್ಟ್. ಮತ್ತೆ ನೀಲಿ ಪರದೆ.

78 ನಿಮಿಷದಲ್ಲಿ ಅಪ್‌ಡೇಟನ್ನು ವಾಪಸ್ ತೆಗೆದರು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಸಿಸ್ಟಂಗಳು ಬಿದ್ದಿದ್ದವು. ಬೆಂಗಳೂರಿನಲ್ಲಿ ಆಗ ಐಟಿ ಕಚೇರಿಗಳು ಬಾಗಿಲು ತೆರೆದು ಲ್ಯಾಪ್‌ಟಾಪ್ ಬಿಚ್ಚುವ ಹೊತ್ತು. ಕೆಂಪೇಗೌಡ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ಇಂಡಿಗೋ, ಆಕಾಸದಂಥ ವಿಮಾನ ಕಂಪನಿಗಳ ಚೆಕ್‌ಇನ್ ಕೈಬರಹಕ್ಕೆ ಇಳಿಯಿತು. ಸಾಲು ಬೆಳೆಯಿತು. ಇಂಡಿಗೋ ದೇಶದಾದ್ಯಂತ ಸುಮಾರು 200 ವಿಮಾನಗಳನ್ನು ರದ್ದು ಮಾಡಿತು.

ರಿಪೇರಿ ಮತ್ತೆ ಅದೇ. ಸೇಫ್ ಮೋಡ್, ಆ ಒಂದು ಫೈಲ್ ಹುಡುಕಿ ಅಳಿಸು, ರೀಸ್ಟಾರ್ಟ್, ಪಕ್ಕದ ಕುರ್ಚಿಗೆ ಹೋಗು. 2010ಕ್ಕಿಂತ ಒಂದು ಕಷ್ಟ ಹೆಚ್ಚಾಗಿತ್ತು. ಈಗಿನ ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದೆ. ಸೇಫ್ ಮೋಡಿಗೆ ಹೋಗಲು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಪ್ರತಿ ಸಿಸ್ಟಂಗೂ ಬೇರೆ ಬೇರೆ. ಒಬ್ಬರು ಫೋನಿನಲ್ಲಿ ಆರಾರು ಅಂಕಿ ಓದಿ ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು. ಒಂದಂಕಿ ತಪ್ಪಿದರೆ ಮತ್ತೆ ಟೈಪ್ ಮಾಡಬೇಕು. ಕೆಲವು ಕಡೆ ಆ ಕೀಗಳನ್ನು ಇಟ್ಟಿದ್ದ ಸರ್ವರೇ ನೀಲಿ ಪರದೆಯಲ್ಲಿ ಕೂತಿತ್ತು.

2010ರಲ್ಲಿ ಮ್ಯಾಕಫಿಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. 2011ರಲ್ಲಿ ಅವರು ಬೇರೆಯವರ ಜೊತೆ ಸೇರಿ ಕಟ್ಟಿದ ಕಂಪನಿಯೇ ಕ್ರೌಡ್‌ಸ್ಟ್ರೈಕ್. 2024ರ ಆ ದಿನ ಅದರ ಮುಖ್ಯಸ್ಥರೂ ಅವರೇ. ಇದನ್ನು ಹಿಡಿದು ಆಡಿಕೊಂಡವರು ಬಹಳ. ಒಬ್ಬ ಮನುಷ್ಯನ ಜಾತಕ ಹುಡುಕಿ ನಮಗೇನೂ ಸಿಗುವುದಿಲ್ಲ ಎಂದು ನನ್ನ ಅನಿಸಿಕೆ. ನನಗೆ ಕಾಡುವುದು ಬೇರೆ. ತಪ್ಪು ಅಪ್‌ಡೇಟ್ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೋದರೆ ಏನಾಗುತ್ತದೆ ಎಂದು 2010ರಲ್ಲೇ ಗೊತ್ತಾಗಿತ್ತು. ಮೊದಲು ನೂರು ಸಿಸ್ಟಂಗೆ ಕಳಿಸಿ, ಒಂದು ಗಂಟೆ ಕಾದು, ಆಮೇಲೆ ಸಾವಿರಕ್ಕೆ ಕಳಿಸುವುದು ಕಷ್ಟದ ವಿದ್ಯೆಯಲ್ಲ. ಫಾಲ್ಕನ್ ಸಾಫ್ಟ್‌ವೇರ್‌ಗೆ ಆ ಪದ್ಧತಿ ಇತ್ತು. ಹುಷಾರಾಗಿದ್ದ ಎಷ್ಟೋ ಕಂಪನಿಗಳು ನಮಗೆ ಒಂದು ಆವೃತ್ತಿ ಹಿಂದಿನದೇ ಇರಲಿ ಎಂದು ಆರಿಸಿಕೊಂಡಿದ್ದವು. ಆದರೆ ದಿನದಿನ ಹೋಗುವ ಪುಟ್ಟ ಅಪ್‌ಡೇಟ್‌ಗಳಿಗೆ ಅದು ಲಾಗುವಾಗುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತವರೂ ಬಿದ್ದರು. ಮತ್ತೆ ಅದೇ, ಜಾಗ್ರತೆ ಮಾಡಿದವರೇ.

ಅದಾದ ಮೇಲೆ ಕ್ರೌಡ್‌ಸ್ಟ್ರೈಕ್ ಆ ಪುಟ್ಟ ಅಪ್‌ಡೇಟ್‌ಗಳನ್ನೂ ಹಂತಹಂತವಾಗಿ ಕಳಿಸಲು ಶುರು ಮಾಡಿತು. ಯಾವಾಗ ಬೇಕು ಎಂದು ಗ್ರಾಹಕರೇ ಹೇಳುವ ಅವಕಾಶ ಕೊಟ್ಟಿತು. ಭದ್ರತಾ ಸಾಫ್ಟ್‌ವೇರ್‌ಗಳನ್ನು ಕರ್ನಲ್‌ನಿಂದ ಹೊರಗೆ ತರುವ ಕೆಲಸಕ್ಕೆ ಮೈಕ್ರೋಸಾಫ್ಟ್ ಕೈ ಹಾಕಿತು. ಬಿದ್ದ ಸಿಸ್ಟಂಗೆ ದೂರದಿಂದಲೇ ಮದ್ದು ಕಳಿಸುವ ಸೌಲಭ್ಯವನ್ನೂ ವಿಂಡೋಸ್ 11ಕ್ಕೆ ತಂದಿತು. ಪೆನ್‌ಡ್ರೈವ್ ಹಿಡಿದು ಕುರ್ಚಿಯಿಂದ ಕುರ್ಚಿಗೆ ಓಡಿದವರ ಕಷ್ಟ ಕೊನೆಗೂ ಯಾರಿಗೋ ಕಂಡಿತು ಎಂದು ನನಗೆ ನಿಜವಾಗಿ ಸಂತೋಷವಾಯಿತು.

ಇದನ್ನೆಲ್ಲ ಕೇಳಿದವರು ಕೊನೆಗೆ ಕೇಳುವುದು ಒಂದೇ: ಹಾಗಾದರೆ ಆಂಟಿವೈರಸ್ ತೆಗೆದುಬಿಡಲಾ ಸಾರ್? ಬೇಡ. ವಿಂಡೋಸ್ 11ರ ಜೊತೆ ಬರುವ ಡಿಫೆಂಡರ್ ಮನೆಯವರಿಗೆ ಸಾಕು. ಅದನ್ನು ಆನ್ ಇಡಿ, ಅದರ ಜೊತೆ ಇನ್ನೊಂದನ್ನು ಸುಮ್ನೆ ಸೇರಿಸಬೇಡಿ. ಕಚೇರಿ, ಕಾಲೇಜು, ಸೊಸೈಟಿ ನಡೆಸುವವರು ಡೇಟಾವನ್ನು ಬೇರೆ ಡಿಸ್ಕಿನಲ್ಲಿ ಇಟ್ಟು ಆ ಡಿಸ್ಕನ್ನು ಸಿಸ್ಟಂನಿಂದ ಬಿಚ್ಚಿಡಿ. ಬಿಟ್‌ಲಾಕರ್ ಇದ್ದರೆ ಕೀಗಳನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡಿ.

ಆ ಪರೀಕ್ಷೆಯ ದಿನದಿಂದ ನಮ್ಮ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಎರಡು ಸಿಸ್ಟಂ ಬೇರೆ ಇವೆ. ಅಪ್‌ಡೇಟ್ ಮೊದಲು ಹೋಗುವುದು ಅವಕ್ಕೆ. ಬೆಳಿಗ್ಗೆ ಎಂಟೂವರೆಗೆ ಬಂದು ಅವೆರಡನ್ನೂ ಆನ್ ಮಾಡುತ್ತೇನೆ. ಒಂದು ಫೈಲ್ ತೆರೆಯುತ್ತೇನೆ, ಒಂದು ಪ್ರಿಂಟ್ ಕೊಡುತ್ತೇನೆ, ಆ ಹುಡುಗಿಯ ಇಪ್ಪತ್ತು ಸಾಲಿನ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಿ ರನ್ ಕೊಡುತ್ತೇನೆ. ಅಂಕಿಗಳು ಏರಿಕೆ ಕ್ರಮದಲ್ಲಿ ಬಂದರೆ ಉಳಿದ ಮೂವತ್ತೆಂಟಕ್ಕೂ ಅಪ್‌ಡೇಟ್ ಬಿಡುತ್ತೇನೆ.